ಮೂರು ಸಲ ಅಳಿಸಿದ ಬೆಳ್ಳಿ

ಶೋಧನ್ ಮೊದಲ ಸಲ ವಿಸ್ಮಿತಾಳ ಮನೆಗೆ ಬಂದ ದಿನ ಅವಳ ಪ್ರೈಮರ್ ಡಬ್ಬವನ್ನು ಒದ್ದುಬಿಟ್ಟ.

ಹಳೆಯ ದನದ ಹಟ್ಟಿಯ ಬಾಗಿಲಲ್ಲಿ ಒಂದು ಕ್ಷಣ ನಿಂತು, ಗೋಣಿಚೀಲವನ್ನು ಎದೆಗೆ ಅವಚಿಕೊಂಡು, ನೇರ ಅವಳ ಮುಖವನ್ನೇ ನೋಡುತ್ತ ಅವನು ಒಳಗೆ ಬಂದಿದ್ದ. ಡಬ್ಬ ದಾರಿಯ ಮಧ್ಯದಲ್ಲೇ ಇತ್ತು. ಬೂದು ಬಣ್ಣ ಸಿಮೆಂಟು ನೆಲದ ಮೇಲೆ ಹರಿದು ಗೋಡೆಯ ಬುಡಕ್ಕೆ ಹೋಗಿ ನಿಂತಿತು.

“ಕಣ್ಣು ಕಾಣುವುದಿಲ್ವಾ ನಿಮಗೆ?”

“ಸ್ವಲ್ಪ ಕಡಿಮೆ,” ಎಂದು ಅವನು ನಕ್ಕ.

ಆ ನಗು ಅವಳಿಗೆ ಸರಿಬರಲಿಲ್ಲ. ಬಿಳಿ ಶೂ, ಅತ್ತರಿನ ಪರಿಮಳ, ಇಸ್ತ್ರಿ ಮಾಡಿದ ಶರ್ಟು. ದುಬೈಯಿಂದ ರಜೆಯಲ್ಲಿ ಬಂದವರು ಹೀಗೆಯೇ, ಕಾಲಡಿಯಲ್ಲಿ ಏನುಂಟೆಂದು ನೋಡುವ ಅಭ್ಯಾಸವೇ ಇರುವುದಿಲ್ಲ ಎಂದುಕೊಂಡಳು. ಚೀಲ ತೆಗೆದುಕೊಳ್ಳಲು ಕೈ ಚಾಚಿದರೆ ಅದನ್ನೂ ಅವನು ಗಮನಿಸಲಿಲ್ಲ.

ಚಾರ್ಮಾಡಿಯಲ್ಲಿ ರಸ್ತೆ ಘಾಟಿ ಏರುವ ಮೊದಲು ಎಡಕ್ಕೆ ಒಂದು ಮಣ್ಣಿನ ದಾರಿ ಹೋಗುತ್ತದೆ. ಅದರ ಕೊನೆಯ ಮನೆ ಅವಳದು. ಅಪ್ಪ ಲೋಕಯ್ಯ ಬೆಳಿಗ್ಗೆ ರಬ್ಬರ್ ಟ್ಯಾಪಿಂಗಿಗೆ ಹೋದರೆ ಬರುವಾಗ ಮಧ್ಯಾಹ್ನ. ಅಮ್ಮ ನೀಲಾವತಿ ಮನೆಯಲ್ಲೇ. ಡಿಪ್ಲೊಮಾ ಮುಗಿಸಿದ ವಿಸ್ಮಿತಾ ಮೂಡುಬಿದಿರೆಯ ಒಂದು ವರ್ಕ್‌ಶಾಪಿನಲ್ಲಿ ನಾಲ್ಕು ವರ್ಷ ದುಡಿದಿದ್ದಳು. ಅದು ಮುಚ್ಚಿದ ಮೇಲೆ ಊರಿಗೆ ಬಂದು, ದನ ಇಲ್ಲದೆ ಖಾಲಿ ಬಿದ್ದಿದ್ದ ಹಟ್ಟಿಯನ್ನು ತೊಳೆದು, ಉಜಿರೆಯ ಬೇಕರಿಯವರು ಬೇಡವೆಂದ ಕರೆಂಟಿನ ಒಲೆಯೊಂದನ್ನು ತಂದಿಟ್ಟು, ಹಳೆಯ ಇಂಜಿನ್ ಭಾಗಗಳಿಗೆ ಬಣ್ಣ ಹೊಡೆಯುವ ಕೆಲಸ ಶುರುಮಾಡಿದ್ದಳು. ಕಪ್ಪಾಗಿ, ಎಣ್ಣೆ ಹಿಡಿದು ಬಂದದ್ದು ಅವಳ ಕೈಯಿಂದ ಹೊಸ ಲೋಹದ ಹಾಗೆ ಹೊಳೆಯುತ್ತ ಹೋಗುತ್ತಿತ್ತು.

ಶೋಧನ್ ಚೀಲ ಬಿಚ್ಚಿದ. ಒಂದು ಸಿಲಿಂಡರ್, ಅದರ ಹೆಡ್, ಇಂಜಿನ್ನಿನ ಎರಡು ಬದಿಯ ಕವರ್, ಕಾರ್ಬ್ಯುರೇಟರ್.

“ಮಾವನ ಬೈಕು. ಟೂ ಸ್ಟ್ರೋಕ್. ಹೊಸತರಲ್ಲಿ ಹೇಗಿತ್ತೋ ಹಾಗೆ ಆಗ್ಬೇಕು.”

“ಹೊಸತರಲ್ಲಿ ನೀವು ನೋಡಿದ್ದೀರಾ?”

“ನಾನು ಹುಟ್ಟಿರ್ಲಿಲ್ಲ.”

“ಮತ್ತೆ ಹೇಗೆ ಗೊತ್ತಾಗ್ತದೆ ಹಾಗೆಯೇ ಆಯ್ತು ಅಂತ?”

“ನೀವು ಹೇಳಿದ್ರೆ ನಂಬ್ತೇನೆ,” ಎಂದ ಅವನು. ಹೇಳಿ ಮತ್ತೆ ನೇರ ಅವಳ ಮುಖ ನೋಡಿದ.

ಸಿದ್ಧಕಟ್ಟೆಯಿಂದ ಎರಡು ಬಸ್ ಬದಲಿಸಿ ಬಂದವನಿಗೆ ವಾಪಸ್ ಬಸ್ಸು ನಾಲ್ಕೂವರೆಗೆ. ಅಲ್ಲಿಯವರೆಗೆ ಕುಳಿತು ಅವಳ ಕೆಲಸ ನೋಡಿದ. ಮರುವಾರ ಮಂಗಳವಾರ ಮತ್ತೆ ಬಂದ. ಅದರ ಮರುವಾರವೂ ಬಂದ.

“ಅರ್ಜೆಂಟ್ ಉಂಟಾ ನಿಮಗೆ?” ಎಂದು ಅವಳು ಕೇಳಿದರೆ, “ಉಂಟು. ಆದ್ರೆ ಚೆಂದ ಆಗ್ಬೇಕು,” ಎನ್ನುತ್ತಿದ್ದ.

ಅವನನ್ನು ಸುಮ್ಮನೆ ಕೂರಿಸುವುದು ಬೇಡವೆಂದು ಅವಳು ಮರಳುಕಾಗದ ಕೊಟ್ಟಳು. ಸೀಮೆಎಣ್ಣೆಯಲ್ಲಿ ನೆನೆಸಿ ತಂತಿ ಬ್ರಷ್ಷಿನಲ್ಲಿ ಉಜ್ಜಿದ ಕವರನ್ನು ಅವನು ನುಣ್ಣಗೆ ತಿಕ್ಕಬೇಕು. ಅವನ ಬೆರಳು ಬಹಳ ಜಾಣ. ಅವಳ ಕಣ್ಣಿಗೆ ತಪ್ಪಿದ ಗೀರನ್ನೂ ಅವನ ಹೆಬ್ಬೆರಳು ಹುಡುಕುತ್ತಿತ್ತು.

“ಸ್ಪ್ರೇ ನಾನು ಹೊಡೀಲಾ?”

“ಬೇಡ ಮಾರಾಯ್ರೇ. ನೆಲಕ್ಕೆ ಒಮ್ಮೆ ಹೊಡೆದದ್ದು ಸಾಕು.”

ಅವನು ಜೋರಾಗಿ ನಕ್ಕ. ಅವಳೂ ನಕ್ಕಳು. ಕ್ಯಾನನ್ನು ಅಲುಗಾಡಿಸಿದಾಗ ಒಳಗಿನ ಗುಂಡು ಕಟಕಟ ಸದ್ದು ಮಾಡಿತು. ಬೆಳ್ಳಿಯ ಪುಡಿ ಅಡಿಯಲ್ಲಿ ಕೂತಿರುತ್ತದೆ, ಎರಡು ನಿಮಿಷ ಅಲುಗಾಡಿಸದೆ ಹೊಡೆದರೆ ಲೋಹದ ಹೊಳಪು ಬರುವುದಿಲ್ಲ ಎಂದು ಅವನಿಗೆ ಹೇಳಿಕೊಟ್ಟಳು. ಮೊದಲು ಹೊಳೆಯುವ ಕಪ್ಪು. ಅದು ಒಣಗಿದ ಮೇಲೆ ಬೆಳ್ಳಿ, ಮಂಜಿನಷ್ಟು ತೆಳುವಾಗಿ. ಹತ್ತು ನಿಮಿಷ ಬಿಟ್ಟು ಇನ್ನೊಂದು ಪದರ. ಕೊನೆಗೆ ಒಲೆಯಲ್ಲಿ ಒಂದು ಗಂಟೆ.

ಬೇರೆಯವರು ಕಣ್ಣು ಹೊರಳಿಸಿ ನೋಡುವಲ್ಲಿ ಅವನು ಇಡೀ ಮುಖವನ್ನೇ ತಿರುಗಿಸುತ್ತಿದ್ದ. ಅವಳ ಕೈ ನೋಡಬೇಕಾದರೆ ಕೈಯ ಕಡೆಗೆ, ಮುಖ ನೋಡಬೇಕಾದರೆ ಮುಖದ ಕಡೆಗೆ. ಅವನ ನೋಟ ಬಂದು ತಾಗಿದರೆ ಅಲ್ಲೇ ನಿಲ್ಲುತ್ತಿತ್ತು. ಇಪ್ಪತ್ತೇಳು ವರ್ಷದಲ್ಲಿ ಯಾರೂ ತನ್ನನ್ನು ಹೀಗೆ ಪೂರ್ತಿಯಾಗಿ ನೋಡಿರಲಿಲ್ಲ ಎಂದು ಅವಳಿಗೆ ಅನಿಸಿತು.

ಅವಳು ಮಾತ್ರ ಕದ್ದು ನೋಡುವವಳು. ಅವನು ತಲೆ ತಗ್ಗಿಸಿ ತಿಕ್ಕುವಾಗ ಬದಿಯಿಂದ ನೋಡುತ್ತಿದ್ದಳು: ಕಿವಿಯ ಹಿಂದಿನ ಬೆವರು, ತುಟಿ ಕಚ್ಚಿಕೊಳ್ಳುವ ರೀತಿ, ಮೊಣಕೈಗೆ ಅಂಟಿದ ಬೂದು. ಒಮ್ಮೆಯೂ ಅವನು ಅವಳನ್ನು ಹಿಡಿಯಲಿಲ್ಲ. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಮಾಡುತ್ತಾನೆ, ಕಳ್ಳ ಎಂದುಕೊಂಡು ಅವಳು ಇನ್ನಷ್ಟು ಧೈರ್ಯದಿಂದ ನೋಡಿದಳು.

ಮೂರನೆಯ ಸೋಮವಾರ ಒಂದು ಕವರ್ ತಯಾರಾಗಿತ್ತು. ಉಳಿದದ್ದೂ ಹೀಗೆಯೇ ಮುಗಿದರೆ ಇನ್ನೆರಡು ಮಂಗಳವಾರ. ಆಮೇಲೆ ಅವನಿಗೆ ಚಾರ್ಮಾಡಿಗೆ ಬರಲು ಏನೂ ಕಾರಣ ಇರುವುದಿಲ್ಲ. ವಿಸ್ಮಿತಾ ಬಹಳ ಹೊತ್ತು ಆ ಕವರನ್ನು ನೋಡುತ್ತ ಕುಳಿತಳು. ಆಮೇಲೆ ಬಟ್ಟೆಗೆ ಥಿನ್ನರ್ ಸುರಿದು, ಕೈಯಾರೆ ಹೊಡೆದ ಬೆಳ್ಳಿಯನ್ನು ಕೈಯಾರೆ ಒರೆಸಿ ತೆಗೆದಳು.

“ಗುಳ್ಳೆ ಬಂತು. ಮತ್ತೆ ಮೊದಲಿಂದ ಮಾಡ್ಬೇಕು,” ಎಂದಳು ಮರುದಿನ.

ಅವನ ಮುಖ ಸಣ್ಣದಾಯಿತು. ಆದರೂ, “ಆಗ್ಲಿ. ಮಾಡುವ,” ಎಂದು ಮರಳುಕಾಗದ ಎತ್ತಿಕೊಂಡ. ಎರಡು ವಾರದ ಮೇಲೆ ಸಿಲಿಂಡರಿಗೂ ಗುಳ್ಳೆ ಬಂತು.

ಜನವರಿಯ ಒಂದು ಮಂಗಳವಾರ ನಾಲ್ಕೂವರೆಯ ಬಸ್ಸು ಬರಲಿಲ್ಲ. ಮುಂದಿನದ್ದು ಆರೂವರೆಗೆ. ನೀಲಾವತಿ ಚಹಾ ಮಾಡಿ, ಜಗಲಿಯಲ್ಲಿ ಕುಳಿತಿದ್ದ ಶೋಧನ್‌ನ ಬಲಬದಿಯಿಂದ ಲೋಟ ಚಾಚಿದರು. ಅವನು ಮುಂದೆ ನೋಡುತ್ತ ಕುಳಿತೇ ಇದ್ದ. ಅವರು ಸ್ವಲ್ಪ ಹೊತ್ತು ಲೋಟ ಹಿಡಿದು ನಿಂತು, ಒಳಗೆ ತಂದು ಅಡುಗೆಮನೆಯ ಕಟ್ಟೆಯಲ್ಲಿಟ್ಟರು.

“ಗುತ್ತಿನ ದೊಡ್ಡ ಮನೆಯವರಿಗೆ ನಮ್ಮ ಚಹಾ ಆಗುವುದಿಲ್ಲ ಕಾಣ್ತದೆ,” ಎಂದರು ಮೆಲ್ಲಗೆ.

ವಿಸ್ಮಿತಾಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಇಷ್ಟು ವಾರ ನಕ್ಕದ್ದು, ನೋಡಿದ್ದು ಎಲ್ಲ ಹಟ್ಟಿಯವರೆಗೆ ಮಾತ್ರವಾ? ಕೇಳಿಯೇಬಿಡುತ್ತೇನೆ ಎಂದು ಹೊರಗೆ ಬಂದರೆ ಅವನು ಬಸ್ಸಿಗೆಂದು ಹೊರಟಾಗಿತ್ತು. ಮುಸ್ಸಂಜೆ. ಗೇಟಿನ ಹತ್ತಿರ ಅವನು ಎರಡೂ ಕೈಯಿಂದ ಚಿಲಕ ಹುಡುಕುತ್ತಿದ್ದ. ಚಿಲಕ ಅವನ ಕೈಗಿಂತ ಒಂದು ಗೇಣು ಕೆಳಗೆ ಇತ್ತು. ಗೋಡೆ ಮುಟ್ಟಿದ, ಕಂಬ ಮುಟ್ಟಿದ, ಮತ್ತೆ ಗೇಟು ಮುಟ್ಟಿದ.

ಅವಳು ಹತ್ತಿರ ಹೋಗಿ ಅವನ ಕೈ ಹಿಡಿದು ಚಿಲಕದ ಮೇಲೆ ಇಟ್ಟಳು.

“ಶೋಧನ್, ಎಂತ ಆಗ್ತಾ ಉಂಟು?”

ಅವನು ಚಿಲಕ ತೆರೆಯದೆ ಅದನ್ನು ಹಿಡಿದುಕೊಂಡೇ ನಿಂತ.

“ಬದಿಯದ್ದು ಯಾವುದೂ ಕಾಣುವುದಿಲ್ಲ ನನಗೆ. ಪೈಪಿನೊಳಗಿಂದ ನೋಡಿದ ಹಾಗೆ. ಕತ್ತಲಾದ್ರೆ ಅದೂ ಇಲ್ಲ.”

ಮಾವ ಚಿನ್ನಯ್ಯನಿಗೂ ಇದೇ ಇತ್ತಂತೆ. ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವುದು, ಔಷಧ ಇಲ್ಲ. ಮಾವ ನಲವತ್ತೆರಡಕ್ಕೆ ಬೈಕು ನಿಲ್ಲಿಸಿದರು. ಆಮೇಲೂ ಸಾಯುವವರೆಗೆ ಪ್ರತಿ ಆದಿತ್ಯವಾರ ಬಟ್ಟೆ ಹಿಡಿದು ಕಾಣದ ಇಂಜಿನ್ನನ್ನು ಒರೆಸುತ್ತಿದ್ದರು. ದುಬೈಯಲ್ಲಿ ಕ್ರೇನ್ ಆಪರೇಟರ್ ಆಗಿದ್ದ ಶೋಧನ್ ಮೂವತ್ತೊಂದಕ್ಕೇ ಮೆಡಿಕಲ್‌ನಲ್ಲಿ ಫೇಲಾಗಿ ಬಂದಿದ್ದ. ರಜೆಯೆಂದು ಊರವರಿಗೆ ಹೇಳಿದ್ದು ಸುಳ್ಳು.

“ಆ ಇಂಜಿನ್ ಹೊಳೆಯುವುದನ್ನು ಒಮ್ಮೆ ನೋಡ್ಬೇಕು. ಮಾವ ಹೇಳಿಹೇಳಿ ನನಗೆ ಅದು ತಲೆಯಲ್ಲಿ ಕೂತಿದೆ. ಪೂರ್ತಿ ಹೋಗುವ ಮೊದಲು ಒಮ್ಮೆ.”

“ಎಷ್ಟು ಟೈಮ್ ಉಂಟು?”

“ವರ್ಷ ಅಂತಾರೆ, ಎರಡು ವರ್ಷ ಅಂತಾರೆ. ಡಾಕ್ಟರಿಗೂ ಗೊತ್ತಿಲ್ಲ.”

ಅವಳು ಅವನ ಕೈ ಬಿಟ್ಟಿರಲಿಲ್ಲ. ಅವನೂ ಬಿಡಿಸಿಕೊಳ್ಳಲಿಲ್ಲ. ಬಸ್ಸಿನವರೆಗೆ ಹಾಗೆಯೇ ನಡೆದರು. ಹತ್ತುವಾಗ ಅವನು ಮೊದಲ ಸಲ ‘ನೀವು’ ಬಿಟ್ಟು, “ನೀನು ಹೋಗು, ಕತ್ತಲಾಯ್ತು,” ಎಂದ.

ಆಮೇಲಿನ ದಿನಗಳಲ್ಲಿ ವಿಸ್ಮಿತಾ ಬೇರೆ ಯಾರ ಕೆಲಸವನ್ನೂ ಮುಟ್ಟಲಿಲ್ಲ. ಕವರ್ ಎರಡೂ ಮುಗಿದವು. ಸಿಲಿಂಡರಿನ ರೆಕ್ಕೆ ರೆಕ್ಕೆಯ ಸಂದಿಗೂ ಬಣ್ಣ ಇಳಿಯಿತು. ಕಾರ್ಬ್ಯುರೇಟರ್ ಆಯಿತು. ಹೆಡ್ ಮಾತ್ರ ಉಳಿಯಿತು. ಎಲ್ಲ ಒಟ್ಟಿಗೆ ನೋಡುತ್ತೇನೆ, ಬಿಡಿಬಿಡಿಯಾಗಿ ಬೇಡ ಎಂದು ಅವನೇ ಹೇಳಿದ್ದರಿಂದ ಮುಗಿದವನ್ನೆಲ್ಲ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು.

ಸೋಮವಾರ ಮಧ್ಯಾಹ್ನ ಒಲೆಯಿಂದ ಹೆಡ್ ತೆಗೆದಳು. ಅಷ್ಟು ಚೆಂದದ ಕೆಲಸ ಅವಳ ಕೈಯಿಂದ ಹಿಂದೆ ಬಂದಿರಲಿಲ್ಲ. ಬಾಗಿಲಿನ ಬೆಳಕು ಅದರ ಮೇಲೆ ಬಿದ್ದು ನೀರಿನ ಹಾಗೆ ಜಾರಿತು.

ನಾಳೆ ಅವನು ಬರುತ್ತಾನೆ. ನೋಡುತ್ತಾನೆ. ಚೀಲಕ್ಕೆ ಹಾಕಿಕೊಂಡು ಹೋಗುತ್ತಾನೆ.

ವರ್ಷ ಉಂಟಲ್ಲ, ಡಾಕ್ಟರೇ ಹೇಳಿದ್ದಾರಲ್ಲ. ಒಂದೇ ಒಂದು ವಾರ. ಹೀಗೆಂದು ತನಗೆ ತಾನೇ ಹೇಳಿಕೊಳ್ಳುತ್ತ ಅವಳು ಥಿನ್ನರಿನ ಬಾಟಲಿ ಎತ್ತಿಕೊಂಡಳು. ಒರೆಸುವಾಗ ಕಣ್ಣೀರು ಬಂತು. ಕೈ ಮಾತ್ರ ನಿಲ್ಲಲಿಲ್ಲ. ಮರುದಿನ ಅವನು ಬಂದಾಗ, ಹೆಡ್ಡಿಗೂ ಗುಳ್ಳೆ ಬಂತು ಎಂದಳು.

ಆ ವಾರ ಗುರುವಾರ ವಾಟ್ಸಾಪಿನಲ್ಲಿ ಅವನ ದನಿ ಬಂತು. ಅವನು ಯಾವಾಗಲೂ ಬರೆಯುತ್ತಿರಲಿಲ್ಲ, ಮಾತಾಡಿಯೇ ಕಳಿಸುತ್ತಿದ್ದ. “ವಿಸ್ಮಿತಾ, ನಡುವಿನದ್ದೂ ಮಂಜಾಗಿದೆ. ನಿನ್ನೆ ಸಂಜೆಯವರೆಗೆ ಸರಿ ಇತ್ತು. ಮಂಗಳೂರಿಗೆ ಹೋಗ್ತಾ ಇದ್ದೇವೆ.” ಆಮೇಲೆ ಎರಡು ದಿನ ಏನೂ ಇಲ್ಲ. ಮೂರನೆಯ ದಿನ ಇನ್ನೊಂದು. “ಇನ್ನು ಹಾಗೆಯೇ ಅಂತೆ.”

ಮಂಗಳವಾರ ಅವನು ಅಕ್ಕ ವಿಜೇತಾಳ ಕಾರಿನಲ್ಲಿ ಬಂದ. ಹಟ್ಟಿಯ ಕಟ್ಟೆಯ ಮೇಲೆ ವಿಸ್ಮಿತಾ ಎಲ್ಲವನ್ನೂ ಸಾಲಾಗಿ ಜೋಡಿಸಿ ಇಟ್ಟಿದ್ದಳು, ಎರಡು ರಾತ್ರಿ ನಿದ್ದೆಗೆಟ್ಟು ಮತ್ತೆ ಬಣ್ಣ ಹೊಡೆದ ಹೆಡ್ಡನ್ನೂ. ಅವನು ಅದನ್ನು ಎತ್ತಿಕೊಂಡು ಬಾಗಿಲಿಗೆ ಹಿಡಿದ. ಓರೆ ಮಾಡಿದ. ಮೂಗಿನ ಹತ್ತಿರ ತಂದ. ತಲೆಯನ್ನು ಆಚೆ ಈಚೆ ತಿರುಗಿಸಿ ನೋಡಿದ.

“ಬೆಳ್ಳಿಯಾ?”

“ಹೌದು.”

“ಹೊಗೆಯ ಹಾಗೆ ಕಾಣ್ತದೆ ನನಗೆ.” ಅವನು ಅದನ್ನು ಕೆಳಗಿಟ್ಟ. “ಇರ್ಲಿ. ಇದು ಯಾರ ತಪ್ಪೂ ಅಲ್ಲ.”

ಆ ಮಾತನ್ನು ಅವಳಿಗೆ ತಡೆದುಕೊಳ್ಳಲು ಆಗಲಿಲ್ಲ.

“ನನ್ನ ತಪ್ಪು,” ಎಂದಳು. “ಗುಳ್ಳೆ ಬಂದದ್ದು ಸುಳ್ಳು. ನಾನೇ ಅಳಿಸಿದ್ದು. ಮುಗಿದ್ರೆ ನೀನು ಬರುವುದಿಲ್ಲ ಅಂತ.”

ವಿಜೇತಾ, “ಎಂತದು? ಎಂತ ಹೇಳ್ತಾ ಇದ್ದಿ ನೀನು?” ಎಂದು ಮುಂದೆ ಬಂದಳು. ಶೋಧನ್ ಕೈಯೆತ್ತಿ ಅಕ್ಕನನ್ನು ತಡೆದ.

“ಎಷ್ಟು ಸಲ?”

“ಮೂರು.”

“ನನ್ನ ಕಣ್ಣಿನ ವಿಷಯ ಗೊತ್ತಾದ ಮೇಲೆ?”

“ಒಂದು ಸಲ. ಹೆಡ್ಡು.”

“ಅದು ಯಾವಾಗ ರೆಡಿ ಇತ್ತು?”

“ಹೋದ ವಾರದ ಸೋಮವಾರ.”

ಅವನು ಲೆಕ್ಕ ಹಾಕುವವನ ಹಾಗೆ ನಿಂತ. “ಬುಧವಾರದವರೆಗೆ ನನಗೆ ಕಾಣ್ತಿತ್ತು, ವಿಸ್ಮಿತಾ,” ಎಂದ.

ಬೈದಿದ್ದರೆ ಆಗುತ್ತಿತ್ತು. ಅವನು ಬೈಯಲಿಲ್ಲ. ಅಕ್ಕನ ಹೆಗಲು ಹುಡುಕಿ ಅದರ ಮೇಲೆ ಕೈಯಿಟ್ಟ. ವಿಜೇತಾ ಅಳುತ್ತ ಅವನನ್ನು ಕಾರಿನವರೆಗೆ ನಡೆಸಿಕೊಂಡು ಹೋದಳು. ಮತ್ತೆ ಬಂದು ಹೊಳೆಯುವ ಆ ಐದು ತುಂಡುಗಳನ್ನು ಡಿಕ್ಕಿಗೆ ಹಾಕಿಕೊಂಡಳು.

ಹತ್ತೊಂಬತ್ತು ದಿನ ಅವನು ಫೋನ್ ಎತ್ತಲಿಲ್ಲ. ಊಟ ಬಿಟ್ಟು ಕೂತ ಮಗಳನ್ನು ನೋಡಿ ನೀಲಾವತಿ, “ಹೋಗಿ ಕಾಲಿಗೆ ಬೀಳು. ಇಲ್ಲಿ ಕೂತು ಸಾಯ್ಬೇಡ,” ಎಂದರು. ಇಪ್ಪತ್ತನೆಯ ದಿನ ವಿಸ್ಮಿತಾ ಬೋಲ್ಟು ತಿರುಗಿಸುವ ಪಾನದ ಪೆಟ್ಟಿಗೆ ಹಿಡಿದು ಸಿದ್ಧಕಟ್ಟೆಯ ಬಸ್ಸು ಹತ್ತಿದಳು.

ಬಾಗಿಲು ತೆರೆದದ್ದು ಚಿನ್ನಯ್ಯನ ಹೆಂಡತಿ ಸರಸ. ಬೈಕಿನ ಚಾಸಿ ಅಂಗಳದ ಮೂಲೆಯಲ್ಲಿ ಹಾಗೆಯೇ ನಿಂತಿತ್ತು, ಇಂಜಿನ್ ಭಾಗಗಳು ಜಗಲಿಯ ಮೇಲೆ ಬಟ್ಟೆಯೊಳಗೆ.

“ಜೋಡಿಸಿ ಕೊಟ್ಟು ಹೋಗ್ತೇನೆ ಅತ್ತೆ. ಬೇರೆ ಏನೂ ಕೇಳುವುದಿಲ್ಲ,” ಎಂದಳು.

ಸರಸ ಅವಳನ್ನು ಮೇಲಿಂದ ಕೆಳಗೆ ನೋಡಿದರು. “ಬಿಸಿಲು ಉಂಟು. ತಲೆಗೆ ಬಟ್ಟೆ ಕಟ್ಟಿಕೋ ಮಗಾ,” ಎಂದು ಒಳಗೆ ಹೋದರು.

ಎರಡು ದಿನ ಅವಳು ಅಂಗಳದಲ್ಲಿ ಕೆಲಸ ಮಾಡಿದಳು. ಸಂಜೆ ಮೂಡುಬಿದಿರೆಯ ಗೆಳತಿಯ ಮನೆಗೆ ಹೋಗಿ ಬೆಳಿಗ್ಗೆ ಬರುತ್ತಿದ್ದಳು. ಶೋಧನ್ ಜಗಲಿಯ ಕುರ್ಚಿಯಲ್ಲಿ ಕುಳಿತು ಪಾನದ ಸದ್ದು ಕೇಳುತ್ತಿದ್ದ. ಮೂರನೆಯ ದಿನ ಮೆಟ್ಟಿಲು ಇಳಿದು, ಕಾಲಿನಿಂದ ನೆಲ ತಡವುತ್ತ ಬಂದು, ಅವಳ ಎದುರು ಕುಕ್ಕರಗಾಲಿನಲ್ಲಿ ಕುಳಿತ.

“ಯಾವ ಬೋಲ್ಟು?”

“ಹೆಡ್ಡಿನದ್ದು. ನಾಲ್ಕೂ ಸಮ ಬಿಗಿ ಆಗ್ಬೇಕು.”

“ಕೊಡು.”

ಅವಳು ಪಾನವನ್ನು ಅವನ ಅಂಗೈಯಲ್ಲಿಟ್ಟಳು. ಅವನು ಎಡಗೈಯಿಂದ ಬೋಲ್ಟು ಹುಡುಕಿ, ಬಲಗೈಯಿಂದ ಬಿಗಿ ಮಾಡಿದ. ಅವಳ ಬೆರಳು ಅಡ್ಡ ಸಿಕ್ಕಿದಾಗ ಒಂದು ಗಳಿಗೆ ನಿಲ್ಲಿಸಿದ. ಆಮೇಲೆ ಮುಂದುವರಿಸಿದ.

ಅಂದು ಸಂಜೆ ಬೈಕು ಸ್ಟಾರ್ಟ್ ಆಯಿತು. ಹೊಸ ಬಣ್ಣ ಕಾದು ಇಂಜಿನ್ನಿನಿಂದ ಸಣ್ಣಗೆ ಹೊಗೆ ಎದ್ದಿತು. ಒಳಗಿನಿಂದ ಸರಸ ಓಡಿ ಬಂದು ಕಂಬ ಹಿಡಿದು ನಿಂತರು. ಇಪ್ಪತ್ತೆಂಟು ವರ್ಷದ ಮೇಲೆ ಆ ಸದ್ದು ಅವರ ಅಂಗಳದಲ್ಲಿ ಕೇಳಿದ್ದು. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

“ನಿನ್ನ ಮೇಲೆ ಸಿಟ್ಟು ಉಂಟು ನನಗೆ,” ಎಂದ ಶೋಧನ್, ಇಂಜಿನ್ ನಿಂತ ಮೇಲೆ. “ಬೇಗ ಹೋಗ್ಲಿಕ್ಕಿಲ್ಲ ಅದು.”

“ಗೊತ್ತು.”

“ಪ್ರೀತಿಯೂ ಉಂಟು. ಅದೇ ಕಷ್ಟ.”

ಅವಳು ಪಾನ ಕೆಳಗಿಟ್ಟಳು. “ಮದುವೆ ಆಗುವ ಶೋಧನ್. ಕಣ್ಣು ಹೋಯ್ತು ಅಂತ ಅಲ್ಲ. ಮಾಡಿದ ತಪ್ಪಿಗೆ ಅಂತಲೂ ಅಲ್ಲ. ನನಗೆ ನೀನು ಬೇಕು.”

“ಬೇಡ.”

“ಯಾಕೆ?”

“ನನಗೆ ಒಂಬತ್ತು ವರ್ಷ ಆಗಿದ್ದಾಗ ಅತ್ತೆ ಒಂದು ದಿನ ಬಾವಿಕಟ್ಟೆಯ ಮೇಲೆ ಹತ್ತಿ ನಿಂತದ್ದನ್ನು ನೋಡಿದ್ದೇನೆ. ಮಾವ ಒಳಗಿಂದ ಕರೀತಾ ಇದ್ರು, ಸರಸ, ನೀರು ಕೊಡು ಅಂತ.”

“ಇಳಿದು ಬಂದ್ರಲ್ಲ.”

“ಬಂದ್ರು. ನೀರೂ ಕೊಟ್ರು. ಆ ದಿನದ ಅವರ ಮುಖ ನಾನು ಮರೆತಿಲ್ಲ. ನಿನ್ನ ಮುಖ ಹಾಗಾದ್ರೆ ನನಗೆ ಕಾಣುವುದೂ ಇಲ್ಲ. ಗೊತ್ತೇ ಆಗ್ಲಿಕ್ಕಿಲ್ಲ.”

ಹಾಗೆ ಆಗುವುದಿಲ್ಲ ಎಂದು ಅವಳು ಆಣೆ ಹಾಕಬಹುದಿತ್ತು. ಆದರೆ ಒಂದು ವಾರ ಮಾತ್ರ ಎಂದು ಬಾಟಲಿ ಎತ್ತಿದ ತನ್ನ ಕೈ ಅವಳಿಗೆ ಗೊತ್ತಿತ್ತು.

ಮೈಸೂರಿನಲ್ಲಿ ಕಣ್ಣು ಕಾಣದವರಿಗೆ ಕಂಪ್ಯೂಟರ್, ನಡಿಗೆ, ಕೈಕೆಲಸ ಕಲಿಸುವ ಕಡೆ ಅವನಿಗೆ ಒಂದು ವರ್ಷಕ್ಕೆ ಸೀಟು ಸಿಕ್ಕಿತ್ತು. ಹೊರಡುವ ದಿನ ವಿಜೇತಾ ಕಾರು ತರುತ್ತೇನೆ ಎಂದರೆ ಅವನು ಒಪ್ಪಲಿಲ್ಲ. ವಿಸ್ಮಿತಾಳಿಗೆ ಫೋನ್ ಮಾಡಿ, “ಬಿ.ಸಿ.ರೋಡಿನವರೆಗೆ ನೀನು ಬಿಡ್ತೀಯಾ? ಮಾವನ ಬೈಕಲ್ಲಿ,” ಎಂದು ಕೇಳಿದ.

ಹಿಂದಿನಿಂದ ಅವನ ಎರಡು ಕೈ ಅವಳ ಸೊಂಟ ಸುತ್ತಿ ಹಿಡಿದಿದ್ದವು. ಹದಿನೈದು ಕಿಲೋಮೀಟರ್ ದಾರಿಯನ್ನು ಅವಳು ಮುಕ್ಕಾಲು ಗಂಟೆ ಓಡಿಸಿದಳು. ಅವನೂ ಬೇಗ ಹೋಗು ಎನ್ನಲಿಲ್ಲ. ಅವನ ಗಲ್ಲ ಅವಳ ಹೆಗಲಿಗೆ ತಾಗಿತ್ತು. ಬಂಟ್ವಾಳದಲ್ಲಿ ಹೊಳೆಯ ಕಡೆಯಿಂದ ಗಾಳಿ ಬಂದಾಗ, “ನೇತ್ರಾವತಿಯಾ?” ಎಂದ. “ಹೌದು,” ಎಂದಳು. ಇಡೀ ದಾರಿಯಲ್ಲಿ ಅಷ್ಟೇ ಮಾತು.

ಬಸ್‌ಸ್ಟ್ಯಾಂಡಿನಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಮೈಸೂರಿನ ಬಸ್ಸು ನಿಂತಿತ್ತು, ಹೊರಡಲು ಐದು ನಿಮಿಷ.

“ನಿನ್ನನ್ನು ನೋಡ್ಬೇಕು,” ಎಂದ ಅವನು. “ಒಂದು ಕಡೆ ಸ್ವಲ್ಪ ತೆಳು ಉಂಟು, ಮಂಜು. ಬಲಕ್ಕೆ ಬಾ. ಇನ್ನೂ ಸ್ವಲ್ಪ. ಕೆಳಗೆ.”

ಅವಳು ಮಂಡಿ ಬಗ್ಗಿಸಿದಳು, ತಲೆ ಓರೆ ಮಾಡಿದಳು. ಜನ ನೋಡುತ್ತಿದ್ದರು. ಅವನ ಮುಖ ಅವಳ ಮುಖದಿಂದ ಒಂದು ಗೇಣು ದೂರದಲ್ಲಿ ಮೆಲ್ಲಗೆ ತಿರುಗುತ್ತ ಹುಡುಕಿತು.

“ಅಲ್ಲೇ. ಅಲ್ಲಾಡ್ಬೇಡ.”

ಅವಳು ಉಸಿರು ಹಿಡಿದು ನಿಂತಳು.

“ಎಂತ ಕಾಣ್ತದೆ?”

“ಒಂದು ಕಣ್ಣು. ಅಳ್ತಾ ಉಂಟು.” ಅವನು ಹೆಬ್ಬೆರಳಿನಿಂದ ಅದನ್ನು ಒರೆಸಿದ. “ಇಂಜಿನ್ ನೋಡ್ಲಿಕ್ಕೆ ಅಂತ ಬಂದವ ನಾನು. ಕಣ್ಣಿದ್ದಷ್ಟು ದಿನ ನೋಡಿದ್ದು ನಿನ್ನನ್ನೇ. ಅದು ನನ್ನ ಹತ್ರ ಉಂಟು. ಹೋಗುವುದಿಲ್ಲ.”

“ನಾನು ಮೈಸೂರಿಗೆ ಬರ್ತೇನೆ.”

“ಬರ್ಬೇಡ. ನನಗೆ ಒಬ್ಬನೇ ನಡೀಲಿಕ್ಕೆ ಕಲೀಬೇಕು. ಕಾಯ್ಬೇಡ, ವಿಸ್ಮಿತಾ.”

ಕಂಡಕ್ಟರ್ ಅವನ ತೋಳು ಹಿಡಿದು ಹತ್ತಿಸಿದ. ಕಿಟಕಿಯ ಬದಿಯ ಸೀಟು ಸಿಕ್ಕಿತು. ಅವಳು ಆ ಕಿಟಕಿಯ ಕೆಳಗೇ ಬಂದು ನಿಂತಳು.

ಬಸ್ಸು ಅಲುಗಿದಾಗ ಅವನು ಕೈ ಹೊರಗೆ ಹಾಕಿ ಬೀಸಿದ. ಅವಳು ನಿಂತ ಕಡೆಗಲ್ಲ, ಅವಳಿಂದ ಹತ್ತು ಮಾರು ಆಚೆಗೆ. ಅಲ್ಲಿ ಮಲ್ಲಿಗೆಯ ಬುಟ್ಟಿ ಇಟ್ಟುಕೊಂಡು ಒಬ್ಬರು ಮುದುಕಿ ಕುಳಿತಿದ್ದರು. ಶೋಧನ್ ಮುಖವಿಡೀ ನಗು ತಂದುಕೊಂಡು ಅವರಿಗೆ ಕೈ ಬೀಸುತ್ತಲೇ ಇದ್ದ.

ಕೂಗಿದರೆ ಅವನು ಈ ಕಡೆ ತಿರುಗುತ್ತಿದ್ದ. ವಿಸ್ಮಿತಾ ಕೂಗಲಿಲ್ಲ. ಮುದುಕಿ ಮೊದಲು ಹಿಂದೆ ಮುಂದೆ ನೋಡಿದರು. ಆಮೇಲೆ, ಯಾರೋ ಪರಿಚಯದ ಹುಡುಗ ಇರಬೇಕೆಂದು, ತಾವೂ ಕೈಯೆತ್ತಿ ಬೀಸಿದರು. ಬಸ್ಸು ತಿರುವು ದಾಟುವವರೆಗೂ ಬೀಸಿದರು.